ಹಾಸ್ಟೆಲ್ ರೂಮಿಗೆ ಕಾಲಿಡುವ ಮುನ್ನ: ತಿಗಣೆ, ಕೆಟಲ್, ಮೆಸ್ ಬಿಲ್

ಪ್ರಶ್ನೆ: ನನಗೆ ಈ ವರ್ಷ ಎಂ.ಎಸ್ಸಿ. ಸೀಟು ಸಿಕ್ಕಿದೆ. ವಿಶ್ವವಿದ್ಯಾಲಯ ನಮ್ಮ ಊರಿನಿಂದ ನಾಲ್ಕು ತಾಸಿನ ದಾರಿ. ಮನೆ ಬಿಟ್ಟು ಇರುವುದು ಇದೇ ಮೊದಲು. ಕ್ಯಾಂಪಸ್ಸಿನ ಲೇಡೀಸ್ ಹಾಸ್ಟೆಲ್ಲಿನಲ್ಲಿ ಮೂವರಿಗೆ ಒಂದು ರೂಮು ಕೊಡುತ್ತಾರಂತೆ. ಹಳೆಯ ಕಟ್ಟಡ, ತಿಗಣೆ ಕಾಟ ಇದೆ ಎಂದು ಗೊತ್ತಿದ್ದವರು ಹೇಳಿದರು. ಮೆಸ್ ಡಿವೈಡಿಂಗ್ ಪದ್ಧತಿಯದು. ತಿಂಗಳಿಗೆ ಇಷ್ಟೇ ಎಂದು ಯಾರೂ ಹೇಳುತ್ತಿಲ್ಲ, ಅಪ್ಪನಿಗೆ ಅದೇ ಚಿಂತೆ. ಚಹಾಕ್ಕೆ ಕೆಟಲ್, ಸ್ನಾನದ ನೀರಿಗೆ ಹೀಟರ್ ಕಾಯಿಲ್ ತೆಗೆದುಕೊಂಡು ಹೋಗಬಹುದೇ? ರ‍್ಯಾಗಿಂಗ್ ಭಯವೂ ಇದೆ. ಏನೇನು ತಯಾರಿ ಮಾಡಿಕೊಳ್ಳಲಿ?

ಉತ್ತರ: ಹಾಸ್ಟೆಲ್ಲಿನಲ್ಲಿ ನಿಮ್ಮೊಬ್ಬರದೇ ಎನ್ನುವಂಥದ್ದು ಬಹಳ ಕಡಿಮೆ. ನಿಮ್ಮ ಮಂಚದ ತಿಗಣೆ ಪಕ್ಕದ ರೂಮಿನದೂ ಹೌದು. ನಿಮ್ಮ ಸ್ವಿಚ್ ಬೋರ್ಡಿಗೆ ಬರುವ ವೈರು ಸಾಲಿನ ನಾಲ್ಕಾರು ರೂಮುಗಳಿಗೂ ಹೋಗುತ್ತದೆ. ಮೆಸ್ ಬಿಲ್ಲಂತೂ ನೀವು ಎಷ್ಟು ಉಂಡಿರಿ ಎನ್ನುವುದಕ್ಕಿಂತ ಆ ತಿಂಗಳು ಉಳಿದವರು ಎಷ್ಟು ದಿನ ಇದ್ದರು ಎನ್ನುವುದರ ಮೇಲೆ ಏರಿಳಿಯುತ್ತದೆ. ನೀವು ಕೇಳಿದ ಹೆಚ್ಚಿನ ಪ್ರಶ್ನೆಗಳ ಬುಡ ಇದೇ. ಒಬ್ಬರೇ ಬಗೆಹರಿಸಿಕೊಳ್ಳಲು ಹೊರಟಲ್ಲೆಲ್ಲ ಕೆಲಸ ಕೆಡುತ್ತದೆ. ತಿಗಣೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅದನ್ನು ನೋಡಬೇಕಾದದ್ದು ಬ್ಯಾಗನ್ನು ಕೆಳಗಿಡುವ ಮೊದಲು.

ರೂಮಿಗೆ ಹೋದ ತಕ್ಷಣ ಗಾದಿ ಬಿಚ್ಚಬೇಡಿ. ಬ್ಯಾಗುಗಳು ಹೊರಗೆ ವರಾಂಡದಲ್ಲೇ ಇರಲಿ. ಮೊಬೈಲ್ ಟಾರ್ಚ್ ಹಾಕಿ ಮಂಚದ ನಾಲ್ಕು ಮೂಲೆಯ ಕೂಡುಜಾಗಗಳನ್ನು, ಹಲಗೆಯ ಅಡಿಭಾಗವನ್ನು, ಸ್ಕ್ರೂ ತೂತುಗಳನ್ನು, ಮಂಚ ತಾಗಿದ ಗೋಡೆಯ ಬಿರುಕನ್ನು, ಸ್ವಿಚ್ ಬೋರ್ಡಿನ ಅಂಚನ್ನು ನೋಡಿ. ಹುಡುಕಬೇಕಾದದ್ದು ಹುಳುವನ್ನಲ್ಲ, ಅದರ ಗುರುತನ್ನು: ಪೆನ್ನಿನ ಶಾಯಿ ಚುಕ್ಕಿಯಂತಹ ಕಪ್ಪು ಕಲೆಗಳು, ಒಣಗಿದ ತೆಳು ಕಂದು ಪೊರೆಗಳು, ಗುಂಡುಪಿನ್ನಿನ ತಲೆಯಷ್ಟು ಬಿಳಿ ಮೊಟ್ಟೆಗಳು. ಒದ್ದೆ ಹತ್ತಿಯಲ್ಲಿ ಉಜ್ಜಿದಾಗ ಕಪ್ಪು ಚುಕ್ಕಿ ಕಂದುಕೆಂಪಾಗಿ ಹರಡಿದರೆ ಅದು ತಿಗಣೆಯ ಹಿಕ್ಕೆ. ಹರಡದೆ ಇದ್ದರೆ ಬರೀ ಕೊಳೆ ಅಥವಾ ತುಕ್ಕು.

ಇದ್ದರೆ ಗಾಬರಿ ಬೇಡ, ತಿಗಣೆಯಿಂದ ರೋಗ ಹರಡುವುದಿಲ್ಲ. ನಿದ್ದೆ ಕೆಡುತ್ತದೆ, ಕಡಿದ ಜಾಗ ಕೆರೆದು ಗಾಯವಾಗುತ್ತದೆ, ಅಷ್ಟೇ. ಆದರೆ ಅದರ ಲೆಕ್ಕ ಗೊತ್ತಿರಬೇಕು. ಬೆಚ್ಚಗಿನ ರೂಮಿನಲ್ಲಿ ಮೊಟ್ಟೆ ಒಡೆಯಲು 6ರಿಂದ 10 ದಿನ ಬೇಕು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಮೊಟ್ಟೆಗೆ ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ಒಮ್ಮೆ ಹೊಡೆದು ಸುಮ್ಮನಾದರೆ ಹದಿನೈದು ದಿನದೊಳಗೆ ಉಳಿದ ಮೊಟ್ಟೆ ಒಡೆದು ಮತ್ತೆ ಕಾಣಿಸಿಕೊಳ್ಳುತ್ತವೆ. ಎರಡನೇ ಬಾರಿ ಹೊಡೆಯುವುದು 10ರಿಂದ 14 ದಿನದ ಒಳಗೆ ಆಗಲೇಬೇಕು. ಬೆಳೆದ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು, ರಜೆಯಲ್ಲಿ ರೂಮು ಖಾಲಿ ಬಿಟ್ಟರೆ ಸಾಯುತ್ತವೆ ಎಂಬ ನಂಬಿಕೆ ಸುಳ್ಳು. ಇನ್ನೊಂದು, ನಿಮ್ಮ ರೂಮಿಗೆ ಮಾತ್ರ ಹೊಡೆದರೆ ಅವು ಗೋಡೆಯ ಬಿರುಕು, ವೈರಿನ ಪೈಪಿನೊಳಗಿಂದ ಪಕ್ಕದ ರೂಮಿಗೆ ಹೋಗಿ, ವಾಸನೆ ಇಳಿದ ಮೇಲೆ ವಾಪಸ್ ಬರುತ್ತವೆ. ಎರಡೂ ಪಕ್ಕದ, ಮೇಲಿನ, ಕೆಳಗಿನ ರೂಮುಗಳಿಗೆ ಒಂದೇ ದಿನ ಹೊಡೆಸಬೇಕು.

ಆದ್ದರಿಂದ ವಾರ್ಡನ್‌ಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಸಾಲಿನ ರೂಮುಗಳವರೆಲ್ಲ ಸಹಿ ಮಾಡಿದ ಅರ್ಜಿ ಕೊಡಿ. "ತಿಗಣೆ ಕಾಟ ಹೆಚ್ಚಾಗಿದೆ, ಕ್ರಮ ಕೈಗೊಳ್ಳಿ" ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಹೀಗೆ ಬರೆಯಿರಿ: "ಎರಡನೇ ಮಹಡಿಯ 21ರಿಂದ 28ರವರೆಗಿನ ಎಂಟು ರೂಮುಗಳ ಪೈಕಿ 21, 22, 24, 25, 27ರಲ್ಲಿ ತಿಗಣೆ ಕಂಡಿವೆ. ಎಂಟೂ ರೂಮುಗಳಿಗೆ, ಇವುಗಳ ಮೇಲಿನ, ಕೆಳಗಿನ ರೂಮುಗಳಿಗೆ ಒಂದೇ ದಿನ ಔಷಧ ಹೊಡೆಸಿ, 12 ದಿನಗಳ ನಂತರ ಎರಡನೇ ಬಾರಿ ಹೊಡೆಸಬೇಕೆಂದು ವಿನಂತಿ. ಆ ಎರಡೂ ದಿನ ರೂಮು ಖಾಲಿ ಮಾಡಿಕೊಡಲು ನಾವು ಸಿದ್ಧ." ಒಂದು ಪ್ರತಿಗೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಎರಡನೇ ಸುತ್ತನ್ನು ಕಚೇರಿ ಮರೆಯುವುದೇ ಹೆಚ್ಚು, ಆಗ ಈ ಪ್ರತಿ ಬೇಕಾಗುತ್ತದೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು. ಕಬ್ಬಿಣದ ಮಂಚವಾದರೆ ಹೊರಗೆ ಎತ್ತಿಟ್ಟು ಕೂಡುಜಾಗಗಳಿಗೆ ಕುದಿಯುವ ನೀರು ಹೊಯ್ಯಿರಿ. ಹುಳು, ಮೊಟ್ಟೆ ಎರಡೂ ಸಾಯುವ ಸುಲಭ ದಾರಿ ಇದೇ. ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಎಳೆಯಿರಿ, ಹೊದಿಕೆ ನೆಲ ಮುಟ್ಟದಿರಲಿ, ನಾಲ್ಕೂ ಕಾಲುಗಳ ಅಡಿ ನುಣುಪಾದ ಪ್ಲಾಸ್ಟಿಕ್ ಬಟ್ಟಲಿಟ್ಟು ಅದರ ಒಳಮೈಗೆ ಟಾಲ್ಕಮ್ ಪೌಡರ್ ಸವರಿ. ಪೌಡರ್ ಹಚ್ಚಿದ ನುಣುಪು ಗೋಡೆಯನ್ನು ತಿಗಣೆ ಹತ್ತಲಾರದು. ಹಾಸು, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ಅದ್ದಿ ತೊಳೆದು ಹೊಲಿಗೆಯ ಮೇಲೆ ಇಸ್ತ್ರಿ ಒತ್ತಿ. ಗಾದಿಯನ್ನು ಬಿಸಿಲಿಗೆ ಹಾಕುವುದು ಒಳ್ಳೆಯದೇ, ಆದರೆ ದಪ್ಪ ಹತ್ತಿ ಗಾದಿಯ ಒಳಗೆ ಬಿಸಿಲಿನ ಕಾವು ಇಳಿಯುವುದಿಲ್ಲ. ತಿಗಣೆ ನೆರಳಿನ ಬದಿಗೆ ಸರಿದು ಕೂರುತ್ತದೆ. ತಾಸಿಗೊಮ್ಮೆ ಮಗುಚಿ ಬಡಿಯಬೇಕು. ಸೀಮೆಎಣ್ಣೆ, ಪೆಟ್ರೋಲ್ ಸವರುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಮುಚ್ಚಿದ ರೂಮು, ಗಾದಿ, ಸೊಳ್ಳೆ ಬತ್ತಿ, ಇವುಗಳ ನಡುವೆ ಸೀಮೆಎಣ್ಣೆ ಎಂದರೆ ಬೆಂಕಿ. ಊರಿಗೆ ಹೋದಾಗ ಬ್ಯಾಗನ್ನು ಅಂಗಳದಲ್ಲೇ ಬಿಚ್ಚಿ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ, ಮನೆಗೂ ಹತ್ತಿಸಬೇಡಿ.

ಗಾದಿಯ ಮಾತು ಬಂತು. ಮಂಚದ ಅಳತೆ ನೋಡದೆ ಊರಿನಿಂದ ಗಾದಿ ಹೊಲಿಸಿಕೊಂಡು ಹೋಗಬೇಡಿ. ಎರಡೂವರೆ ಅಡಿ ಅಗಲದ ಮಂಚಗಳೂ ಇವೆ, ಮೂರಡಿಯವೂ ಇವೆ.

ಈಗ ಕೆಟಲ್. ಬಹುತೇಕ ಹಾಸ್ಟೆಲ್ಲುಗಳಲ್ಲಿ ಕಾಯಿಲ್, ಕರೆಂಟ್ ಒಲೆ, ಕೆಟಲ್ ಎಲ್ಲಕ್ಕೂ ನಿಷೇಧವಿದೆ. ಸಿಕ್ಕರೆ ಜಪ್ತಿ, ದಂಡ. ಈ ನಿಯಮ ಬರೀ ಕಿರಿಕಿರಿ ಎಂದು ಅನೇಕರು ತಿಳಿದಿದ್ದಾರೆ. ಅದರ ಹಿಂದಿನ ಲೆಕ್ಕ ನೋಡಿ. ರೂಮಿನ ಚಿಕ್ಕ ಸಾಕೆಟ್ 6 ಆಂಪಿಯರಿನದು. 230 ವೋಲ್ಟಿನಲ್ಲಿ 1,500 ವಾಟಿನ ಕಾಯಿಲ್ ಎಳೆಯುವುದು ಸುಮಾರು ಆರೂವರೆ ಆಂಪಿಯರ್. ಅಂದರೆ ಒಂದೇ ಕಾಯಿಲ್‌ಗೆ ಸಾಕೆಟ್ಟಿನ ಮಿತಿ ಮೀರಿತು. ಪಿನ್ನು ಹೊಂದಿಕೊಂಡಿತು ಎಂದ ಮಾತ್ರಕ್ಕೆ ವೈರು ತಡೆಯುತ್ತದೆ ಎಂದಲ್ಲ. ಚಳಿಗಾಲದ ಬೆಳಿಗ್ಗೆ 20 ಡಿಗ್ರಿಯ 15 ಲೀಟರ್ ನೀರು 40 ಡಿಗ್ರಿಗೆ ಬರಲು ಆ ಕಾಯಿಲ್‌ಗೆ ಹದಿನಾಲ್ಕು ನಿಮಿಷ ಬೇಕು. ಅದೇ ಹೊತ್ತಿಗೆ ಸಾಲಿನ ಆರು ರೂಮುಗಳಲ್ಲಿ ಆರು ಕಾಯಿಲ್ ಬಿದ್ದರೆ 39 ಆಂಪಿಯರ್. ಲೈಟು, ಫ್ಯಾನಿಗೆಂದು ಎಳೆದ ವೈರು ಅದನ್ನು ಹೊರಲಾರದು. ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ತಾನಾಗಿ ಆರುವ ಸ್ವಿಚ್) ಬಿದ್ದರೆ ಅದೃಷ್ಟ, ಕತ್ತಲಾಗಿ ಮುಗಿಯುತ್ತದೆ. ಹಳೆಯ ಕಟ್ಟಡದಲ್ಲಿ ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿಟ್ಟಿದ್ದರೆ ಬೀಳುವುದಕ್ಕೆ ಏನೂ ಇರುವುದಿಲ್ಲ, ಗೋಡೆಯೊಳಗಿನ ವೈರೇ ಕಾದು ಬಿಸಿಯಾಗುತ್ತದೆ. ಕರೆಂಟ್ ಮೂರು ಪಟ್ಟಾದರೆ ಸಡಿಲವಾದ ಕೂಡುಜಾಗದಲ್ಲಿ ಹುಟ್ಟುವ ಬಿಸಿ ಒಂಬತ್ತು ಪಟ್ಟಾಗುತ್ತದೆ. ಮೊಬೈಲ್ ಚಾರ್ಜರನ್ನು ವರ್ಷಗಟ್ಟಲೆ ತಡೆದ ಸಾಕೆಟ್ ಕಾಯಿಲ್ ಹಾಕಿದ ವಾರದಲ್ಲೇ ಕರಗುವುದು ಇದರಿಂದಲೇ.

ನಿಮ್ಮ ಸಾಕೆಟ್ಟಿನ ತೂತುಗಳ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆಯೇ, ಪಿನ್ನು ತೆಗೆದಾಗ ಬಿಸಿಯಾಗಿದೆಯೇ, ಸುಟ್ಟ ಮೀನಿನಂಥ ವಾಸನೆ ಇದೆಯೇ ನೋಡಿಕೊಳ್ಳಿ. ಇದ್ದರೆ ಆ ಸಾಕೆಟ್ಟನ್ನು ಬಳಸುವುದನ್ನೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ರಿಜಿಸ್ಟರಿನಲ್ಲಿ ರೂಮು ನಂಬರು ಸಹಿತ ಬರೆಯಿರಿ. ಕಾಯಿಲ್‌ನ ಇನ್ನೊಂದು ಅಪಾಯ ನೀರಿನಲ್ಲಿ ಕರೆಂಟ್ ಹರಿಯುವುದು. ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಮನೆಯಿಂದಲೇ ಬಂದಿರುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಕಟ್ಟಡದಲ್ಲಿ ಆ ಒಂದು ಬೆರಳು ಪ್ರಾಣಕ್ಕೆ ಎರವಾಗಬಹುದು. ಕಾಯಿಲ್ ಬೇಡವೇ ಬೇಡ ಎಂಬುದು ನನ್ನ ಸ್ಪಷ್ಟ ಮಾತು. ಕೆಟಲ್‌ಗೆ ನಿಮ್ಮ ಹಾಸ್ಟೆಲ್ಲಿನಲ್ಲಿ ಅನುಮತಿ ಇದ್ದರೆ ಮಾತ್ರ, ಅದೂ 500-600 ವಾಟಿನ ಅರ್ಧ ಲೀಟರಿನದು. ಇಲ್ಲದಿದ್ದರೆ ಒಂದು ಒಳ್ಳೆಯ ಫ್ಲಾಸ್ಕ್ ತೆಗೆದುಕೊಳ್ಳಿ, ರಾತ್ರಿ ಊಟದ ಹೊತ್ತಿಗೆ ಮೆಸ್ಸಿನಲ್ಲಿ ಬಿಸಿನೀರು ತುಂಬಿಸಿಕೊಂಡರೆ ಹನ್ನೊಂದು ಗಂಟೆಯ ಚಹಾಕ್ಕೆ ಸಾಕು. ಸ್ನಾನಕ್ಕೆ ಸೋಲಾರ್ ಇದ್ದಲ್ಲಿ ಮಹಡಿಯವರೆಲ್ಲ ಸರದಿ ಬರೆದುಕೊಳ್ಳಿ, ತಲೆಗೆ ಒಂದು ಬಕೆಟ್. ಮೊದಲು ಎದ್ದವರು ಮೂರು ಬಕೆಟ್ ಹಿಡಿದರೆ ಉಳಿದವರು ಕಾಯಿಲ್ ಹುಡುಕುತ್ತಾರೆ, ಮತ್ತೆ ಅದೇ ವೈರಿಗೆ ಬಂದು ನಿಲ್ಲುತ್ತದೆ.

ಅಪ್ಪನ ಚಿಂತೆಗೆ ಬರೋಣ. ಡಿವೈಡಿಂಗ್ ಮೆಸ್ಸಿನಲ್ಲಿ ತಿಂಗಳ ಒಟ್ಟು ಖರ್ಚನ್ನು ಒಟ್ಟು ಹಾಜರಿ ದಿನಗಳಿಂದ ಭಾಗಿಸಿ ದಿನದ ದರ ತೆಗೆಯುತ್ತಾರೆ. ನಿಮ್ಮ ಹಾಜರಿ ದಿನಗಳನ್ನು ಅದರಿಂದ ಗುಣಿಸಿದರೆ ನಿಮ್ಮ ಬಿಲ್ಲು. ಅರ್ಥವಾಗಲು ಒಂದು ಲೆಕ್ಕ ಹಾಕೋಣ. 120 ಜನರ ಹಾಸ್ಟೆಲ್. ದಿನಸಿ 1,62,000, ತರಕಾರಿ 54,000, ಹಾಲು-ಮೊಸರು 49,500, ಗ್ಯಾಸ್ 40,500, ಅಡುಗೆಯವರ ಸಂಬಳ 72,000. ಒಟ್ಟು 3,78,000 ರೂಪಾಯಿ. 30 ದಿನಕ್ಕೆ 3,600 ಹಾಜರಿ, ರಜೆ ಹೋದವರ 240 ದಿನ ಕಳೆದು 3,360. ದಿನಕ್ಕೆ 112 ರೂಪಾಯಿ 50 ಪೈಸೆ. ಪೂರ್ತಿ ತಿಂಗಳು ಇದ್ದವರಿಗೆ 3,375. ಎಂಟು ದಿನ ಊರಿಗೆ ಹೋಗಿ ಮೆಸ್ ಕಟ್ ಮಾಡಿಸಿದವರಿಗೆ, ಅಂದರೆ ಆ ದಿನಗಳ ಊಟ ಬೇಡವೆಂದು ಮೊದಲೇ ಬರೆಸಿದವರಿಗೆ, 2,475.

ಈಗ ದಸರಾ ತಿಂಗಳು ಬಂತು ಎಂದುಕೊಳ್ಳಿ. ಅರ್ಧದಷ್ಟು ಜನ ಊರಿಗೆ ಹೋದರು, ಹಾಜರಿ 1,800ಕ್ಕೆ ಇಳಿಯಿತು. ಅಕ್ಕಿ ಬೇಳೆ ತರಕಾರಿ ಗ್ಯಾಸಿನ ಖರ್ಚು ತಲೆಗೆ ದಿನಕ್ಕೆ 91 ರೂಪಾಯಿಯಂತೆ 1,63,800ಕ್ಕೆ ಇಳಿಯುತ್ತದೆ, ಸಂಬಳ ಮಾತ್ರ ಅದೇ 72,000. ಭಾಗಿಸಿ ನೋಡಿ, ದಿನಕ್ಕೆ 131 ರೂಪಾಯಿ. ಹಬ್ಬದ ತಿಂಗಳ ದರ ಕಂಡು ಮೆಸ್ಸಿನಲ್ಲಿ ಕಳ್ಳತನ ನಡೆದಿದೆ ಎಂದು ಜಗಳ ಏಳುವುದುಂಟು. ಹೆಚ್ಚಿನ ಸಲ ಅದು ಕಳ್ಳತನವಲ್ಲ, ಸಂಬಳವನ್ನು ಕಡಿಮೆ ತಲೆಗಳು ಹೊತ್ತ ಪರಿಣಾಮ. ಸಂಬಳವನ್ನು ವಿಶ್ವವಿದ್ಯಾಲಯವೇ ಕೊಡುವ ಕಡೆ ಈ ಏರಿಕೆ ಇರುವುದಿಲ್ಲ. ನಿಮ್ಮಲ್ಲಿ ಯಾವ ಪದ್ಧತಿ ಎಂದು ಮೊದಲೇ ಕೇಳಿ.

ನಿಜವಾಗಿ ಕಣ್ಣಿಡಬೇಕಾದ ಜಾಗ ಬೇರೆ, ಅದು ದಾಸ್ತಾನು. ತಿಂಗಳ ಖರ್ಚು ಎಂದರೆ ಮೊದಲ ದಿನ ಉಗ್ರಾಣದಲ್ಲಿ ಇದ್ದದ್ದು, ಅದಕ್ಕೆ ತಿಂಗಳಲ್ಲಿ ಕೊಂಡದ್ದು ಕೂಡಿ, ಕೊನೆಯ ದಿನ ಉಳಿದದ್ದು ಕಳೆದು ಬಂದದ್ದು. 29ನೇ ತಾರೀಖು 40,000 ರೂಪಾಯಿಯ ಅಕ್ಕಿ ಬೇಳೆ ಬಂದು ಇಳಿದಿದೆ, ಉಳಿಕೆಯನ್ನು ತೂಗಿ ಬರೆಯಲಿಲ್ಲ ಎಂದರೆ ಮುಂದಿನ ತಿಂಗಳ ಅನ್ನದ ದುಡ್ಡನ್ನು ಈ ತಿಂಗಳೇ ಕೊಟ್ಟಂತೆ. ಮೇಲಿನ ಲೆಕ್ಕದಲ್ಲಿ ಅದು ದಿನಕ್ಕೆ ಸುಮಾರು 12 ರೂಪಾಯಿ. ಕೊನೆಯ ವರ್ಷದವರು ಹಾಸ್ಟೆಲ್ ಬಿಟ್ಟು ಹೋಗುವ ತಿಂಗಳಲ್ಲಿ ಹೀಗಾದರೆ ಆ ದುಡ್ಡು ಅವರಿಗೆ ತಿರುಗಿ ಬರುವುದೇ ಇಲ್ಲ. ಮೆಸ್ ಕಮಿಟಿಗೆ ಸೇರಿ. ಇಬ್ಬರು ತಿಂಗಳ ಕೊನೆಯ ಸಂಜೆ ಒಂದು ತಾಸು ಉಗ್ರಾಣದಲ್ಲಿ ನಿಂತು ಚೀಲ ಎಣಿಸಿ, ಎಣ್ಣೆ ಡಬ್ಬಿ ನೋಡಿ, ಬರೆದು ಸಹಿ ಮಾಡಿದರೆ ಸಾಕು. ತರಕಾರಿ ಬಂದ ಹೊತ್ತಿಗೆ ಮೆಸ್ಸಿನದೇ ತಕ್ಕಡಿಯಲ್ಲಿ ತೂಗಿಸುವುದೂ ಇದೇ ಕಮಿಟಿಯ ಕೆಲಸ.

ಮೆಸ್ ಕಟ್‌ನ ನಿಯಮವನ್ನು ಬಂದ ದಿನವೇ ಓದಿಕೊಳ್ಳಿ. ಸಾಮಾನ್ಯವಾಗಿ ಹಿಂದಿನ ದಿನವೇ ರಿಜಿಸ್ಟರಿನಲ್ಲಿ ಬರೆಯಬೇಕು, ಕನಿಷ್ಠ ಇಂತಿಷ್ಟು ದಿನ ಒಟ್ಟಿಗೆ ಇರಬೇಕು ಎಂದಿರುತ್ತದೆ. ಮರುದಿನದ ಸಾಮಾನನ್ನು ಹಿಂದಿನ ಸಂಜೆಯೇ ಅಳೆದು ಕೊಡುತ್ತಾರೆ, ಅದಕ್ಕೇ ಈ ಕಟ್ಟುಪಾಡು. ಅಡುಗೆಯವರಿಗೆ "ಅಣ್ಣಾ, ನಾಳೆ ನಾನಿಲ್ಲ" ಎಂದು ಹೇಳಿ ಬಸ್ ಹತ್ತಿದರೆ ಲೆಕ್ಕಕ್ಕೆ ಬರುವುದಿಲ್ಲ. ರಿಜಿಸ್ಟರಿನಲ್ಲಿ ಬರೆದ ಪುಟದ ಫೋಟೊ ತೆಗೆದುಕೊಳ್ಳಿ.

ಅಪ್ಪ ಒಟ್ಟಿಗೆ ಹೊಂದಿಸಬೇಕಾದ ಹಣವೆಂದರೆ ಪ್ರವೇಶದ ದಿನ ಕಟ್ಟುವ ರೂಮು ಬಾಡಿಗೆ, ಠೇವಣಿ, ಮೆಸ್ ಮುಂಗಡ. ಅದರ ಮೇಲೆ ಎರಡು ತಿಂಗಳ ಮೆಸ್ ಬಿಲ್ಲಿನಷ್ಟು ಕೈಯಲ್ಲಿರಲಿ, ಯಾಕೆಂದರೆ ವಿದ್ಯಾರ್ಥಿವೇತನ ಮೊದಲ ತಿಂಗಳಲ್ಲಿ ಬರುವುದಿಲ್ಲ. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್.ಎಸ್.ಪಿ.ಯಲ್ಲಿ. ಹಣ ಹೋಗುವುದು ಆಧಾರ್ ಮೂಲಕ, ಅಂದರೆ ನೀವು ಬರೆದುಕೊಟ್ಟ ಖಾತೆಗಲ್ಲ, ನಿಮ್ಮ ಆಧಾರ್ ಎನ್.ಪಿ.ಸಿ.ಐ.ನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ಪಿ.ಯು.ಸಿ.ಯಲ್ಲಿ ತೆರೆದು ಮರೆತ ಖಾತೆಗೆ ಜೋಡಣೆ ಇದ್ದು ಹಣ ಅಲ್ಲಿ ಕೂತಿರುತ್ತದೆ, ಇಲ್ಲವೇ ಖಾತೆ ನಿಷ್ಕ್ರಿಯವಾಗಿ ಹಣ ವಾಪಸಾಗಿರುತ್ತದೆ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯೇ" ಎಂದಷ್ಟೇ ಕೇಳಬೇಡಿ, "ಎನ್.ಪಿ.ಸಿ.ಐ. ಮ್ಯಾಪಿಂಗ್ ಈ ಖಾತೆಗೆ ಇದೆಯೇ" ಎಂದು ಕೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ (ಪತ್ರದ ಮೇಲೆ RD ಎಂದು ಶುರುವಾಗುವ ಸಂಖ್ಯೆ) ಬರೆದಿಟ್ಟುಕೊಂಡಿರಿ. ಒಂದು ವೇಳೆ ಹಾಸ್ಟೆಲ್ ಸೀಟು ಕೈತಪ್ಪಿ ಹೊರಗೆ ರೂಮು ಮಾಡಬೇಕಾಗಿ ಬಂದರೆ, ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳ ಊಟ-ವಸತಿ ಸಹಾಯ ಸಿಗುತ್ತದೆ. ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ಅದನ್ನು ಪಡೆಯಲು ಬರುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಎರಡು ಮಾತು. ನಿಮ್ಮ ಕ್ಯಾಂಪಸ್ ಧಾರವಾಡ, ಶಂಕರಘಟ್ಟ, ಕೊಣಾಜೆಯಂಥ ಮಳೆ ಊರಿನಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಅರೆಹಸಿ ಒಳಉಡುಪು ಹಾಕಿಕೊಂಡರೆ ಹುಳುಕಡ್ಡಿ ಹತ್ತುತ್ತದೆ. ಒಂದು ಜೊತೆ ಹೆಚ್ಚು ಒಯ್ಯಿರಿ, ರೂಮಿನೊಳಗೆ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಟವೆಲ್ ಹಂಚಿಕೊಳ್ಳಬೇಡಿ. ಹುಳುಕಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಎರಡು ದಿನ ತುರಿಕೆ ನಿಂತು ಆಮೇಲೆ ದುಪ್ಪಟ್ಟು ಹರಡುತ್ತದೆ. ರಾತ್ರಿ ಹೊತ್ತು ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ತುರಿಕೆ ಜಾಸ್ತಿಯಾದರೆ ಅದು ಕಜ್ಜಿ ಇರಬಹುದು. ವೈದ್ಯರು ಕೊಟ್ಟ ಔಷಧವನ್ನು ರೂಮಿನ ಮೂವರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಒಬ್ಬರಿಗೇ ಹಚ್ಚಿದರೆ ಮೂವರ ನಡುವೆ ಸುತ್ತುತ್ತಲೇ ಇರುತ್ತದೆ. ಬಕೆಟ್ಟಿನಲ್ಲಿ ನೀರು ವಾರಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಅಷ್ಟೇ ಸಮಯ ಸಾಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗದೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ರ‍್ಯಾಗಿಂಗ್ ಬಗ್ಗೆ ಭಯಕ್ಕಿಂತ ತಿಳಿವಳಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಯು.ಜಿ.ಸಿ.ಯ 2009ರ ನಿಯಮಾವಳಿಯಂತೆ ನೀವೂ, ಪೋಷಕರೂ ಪ್ರತಿ ವರ್ಷ ಬೇರೆ ಬೇರೆ ಮುಚ್ಚಳಿಕೆ ಬರೆದುಕೊಡಬೇಕು. ಅದೇ ನಿಯಮಾವಳಿ ಸಂಸ್ಥೆಯ ಮೇಲೂ ಹೊಣೆ ಹೊರಿಸಿದೆ: ಹೊಸಬರನ್ನು ಆದಷ್ಟೂ ಬೇರೆ ಬ್ಲಾಕಿನಲ್ಲಿ ಇರಿಸಬೇಕು, ಆಗದಿದ್ದರೆ ಹೊಸಬರ ರೂಮುಗಳಿಗೆ ಹಿರಿಯರು ಹೋಗಿ ಬರುವುದರ ಮೇಲೆ ವಾರ್ಡನ್ ನಿಗಾ ಇಡಬೇಕು. ಹಿರಿಯರು ಹೆಸರು, ಊರು, ವಿಭಾಗ ಕೇಳುವುದು ಪರಿಚಯ. ರಾತ್ರಿ ಹತ್ತರ ಮೇಲೆ ರೂಮಿಗೆ ಕರೆಸುವುದು, ಒತ್ತಾಯದಿಂದ ಹಾಡಿಸುವುದು, ತಮ್ಮ ಅಸೈನ್‌ಮೆಂಟ್ ಬರೆಸುವುದು, ಜಾತಿ ಕೇಳಿ ಹೀಗಳೆಯುವುದು ರ‍್ಯಾಗಿಂಗ್. ವಾಟ್ಸಾಪ್ ಗುಂಪಿನಲ್ಲಿ ನಡೆದರೂ ಅದೇ. ತಾರೀಖು, ಸಮಯ, ಯಾರು ಯಾರು ಇದ್ದರು ಎಂದು ಅವತ್ತೇ ಬರೆದಿಡಿ, ಸಂದೇಶಗಳ ಸ್ಕ್ರೀನ್‌ಶಾಟ್ ಮನೆಯವರಿಗೂ ಕಳಿಸಿ. ಹಗಲು ರಾತ್ರಿ ನಡೆಯುವ ಸಹಾಯವಾಣಿ 1800-180-5522, ಹೆಸರು ಹೇಳದೆಯೂ ದೂರು ಕೊಡಬಹುದು.

ಲೇಡೀಸ್ ಹಾಸ್ಟೆಲ್ ಎಂದಿರಿ, ಹಾಗಾಗಿ ಇನ್ನೊಂದು ಸೇರಿಸುತ್ತೇನೆ. ಲೈಂಗಿಕ ಕಿರುಕುಳ ತಡೆಗೆ ಯು.ಜಿ.ಸಿ. ತಂದ 2015ರ ನಿಯಮಾವಳಿ, ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲ್ಲಿಗೆ ಹುಡುಗರಿಗಿಲ್ಲದ ಭೇದದ ನಿಯಮ ಹಾಕಬಾರದು ಎನ್ನುತ್ತದೆ. ಲೈಬ್ರರಿ ರಾತ್ರಿ ಹತ್ತರವರೆಗೆ ತೆರೆದಿದ್ದು ನಿಮ್ಮ ಗೇಟು ಏಳಕ್ಕೇ ಮುಚ್ಚಿದರೆ, ಇದನ್ನು ಉಲ್ಲೇಖಿಸಿ ಎಲ್ಲರೂ ಸೇರಿ ಅರ್ಜಿ ಕೊಡಬಹುದು. ಗೇಟಿನ ರಿಜಿಸ್ಟರಿನಲ್ಲಿ ಹೋದ ಸಮಯ, ಬಂದ ಸಮಯ ಬರೆಯುವುದನ್ನು ಮಾತ್ರ ತಪ್ಪಿಸಬೇಡಿ, ನೀವು ರಾತ್ರಿ ಬರದಿದ್ದರೆ ಹುಡುಕಲು ಶುರುಮಾಡುವುದು ಆ ಪುಟದಿಂದಲೇ.

ರೂಮಿನ ಜೊತೆಗಾರ್ತಿಯರೊಂದಿಗೆ ಮೊದಲ ವಾರವೇ ಮೂರು ವಿಷಯ ಮಾತಾಡಿ ಮುಗಿಸಿ: ಲೈಟು ಆರಿಸುವ ಹೊತ್ತು, ಫೋನಿನಲ್ಲಿ ಮಾತಾಡುವ ಜಾಗ, ಕಸ ಗುಡಿಸುವ ಸರದಿ. ಮೂರನೇ ತಿಂಗಳಲ್ಲಿ ಎತ್ತಿದರೆ ಇದೇ ಮಾತು ಜಗಳವಾಗುತ್ತದೆ. ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯನ್ನು ಮೊದಲ ದಿನವೇ ನಡುವೆ ಇಟ್ಟು ತೆರೆಯಿರಿ. ಮೊದಲ ಎರಡು ಮೂರು ವಾರ ಮನೆ ನೆನಪಾಗಿ ಅಳು ಬರುವುದು ಸಹಜ. ಅದು ಕಡಿಮೆಯಾಗದೆ ನಿದ್ದೆ, ಊಟ, ಕ್ಲಾಸು ಮೂರೂ ತಪ್ಪತೊಡಗಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಕೊನೆಯದಾಗಿ, ತಿಗಣೆ ನೋಡಿದ ಆ ಟಾರ್ಚಿನ ಬೆಳಕಲ್ಲೇ ರೂಮಿನ ಫೋಟೊಗಳನ್ನೂ ತೆಗೆಯಿರಿ: ಕಿಟಕಿಯ ಒಡೆದ ಗಾಜು, ಕೈ ಮುರಿದ ಕುರ್ಚಿ, ಮುಚ್ಚದ ಕಪಾಟಿನ ಬಾಗಿಲು, ತಿರುಗದ ಫ್ಯಾನು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವಾರ್ಡನ್ ಸಹಿ ಹಾಕಿಸಿ, ಠೇವಣಿ ರಸೀದಿಯ ಜೊತೆ ಒಂದೇ ಫೈಲಿನಲ್ಲಿಡಿ. ಎರಡು ವರ್ಷದ ನಂತರ ನೋ ಡ್ಯೂಸ್ ಪತ್ರಕ್ಕೆ ಹೋದಾಗ "ಕುರ್ಚಿ ಮುರಿದಿದೆ, ಠೇವಣಿಯಲ್ಲಿ ಹಿಡಿಯುತ್ತೇವೆ" ಎಂದರೆ ಆ ಹಾಳೆಯನ್ನು ಟೇಬಲ್ ಮೇಲಿಡಿ.